ಗಣಿ ಗುತ್ತಿಗೆಯ ಗೆರೆ ಮ್ಯಾಪ್ ಮೇಲೆ: ನೋಡೋದು ಹೇಗೆ, ಎಷ್ಟು ನಂಬೋದು?

ಕೋಲ್ಕತ್ತಾದ ಟಾಲಿಗಂಜ್‌ನಿಂದ ಮಾತಾಡ್ತಾ ಇದೀನಿ. ವಿಡಿಯೋದಲ್ಲಿ ಸ್ಕ್ರೀನ್ ತೋರಿಸ್ತಾ ಹೇಳಿದ್ದನ್ನ ಇಲ್ಲಿ ಬರಹಕ್ಕೆ ಇಳಿಸಿದೀನಿ. ವಿಡಿಯೋದಲ್ಲಿ ಸಮಯ ಸಾಲದೆ ಓಡಿಸಿದ ಲೆಕ್ಕಗಳನ್ನ ಇಲ್ಲಿ ನಿಧಾನವಾಗಿ ಬಿಡಿಸಿ ಬರೆದಿದೀನಿ.

ವಿಷಯ ಇಷ್ಟು. ಸಂಡೂರು, ಹೊಸಪೇಟೆ, ಚಿತ್ರದುರ್ಗ, ಚಿಕ್ಕನಾಯಕನಹಳ್ಳಿ ಕಡೆ ಊರಿರೋರು ನಮ್ಮಲ್ಲಿ ತುಂಬ ಜನ ಇದೀರಿ. ಊರಲ್ಲಿ ಜಮೀನಿದೆ, ನೋಡಿಕೊಳ್ಳೋರು ವಯಸ್ಸಾದ ಅಪ್ಪ ಅಮ್ಮ ಅಥವಾ ಚಿಕ್ಕಪ್ಪ. ನಾವು ಬೆಂಗಳೂರಲ್ಲೋ ಪುಣೆಯಲ್ಲೋ ಪರ್ತ್‌ನಲ್ಲೋ ಕೂತಿದೀವಿ. ಒಂದಿನ ಫ್ಯಾಮಿಲಿ ಗ್ರೂಪಿಗೆ ಸ್ಯಾಟಲೈಟ್ ಚಿತ್ರದ ಸ್ಕ್ರೀನ್‌ಶಾಟ್ ಬರುತ್ತೆ. ಮೇಲೆ ಕೆಂಪು ಗೆರೆ, ಕೆಳಗೆ "ಇದು ಮೈನ್ಸ್ ಬೌಂಡರಿ, ನಮ್ಮ ಹೊಲ ಒಳಗೆ ಬಿದ್ದಿದೆ" ಅಂತ ಒಂದು ಸಾಲು. ಆ ಗೆರೆ ನಿಜಾನಾ? ಮನೆಯಲ್ಲೇ ಕೂತು ಹೇಗೆ ಪರೀಕ್ಷೆ ಮಾಡೋದು? ಯಾವ ಹಂತದಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಸರ್ವೇಯರ್‌ನ ಕರೀಬೇಕು? ಇವತ್ತು ಈ ಮೂರು ಪ್ರಶ್ನೆ.

ಒಂದು ಗೆರೆಗೆ ಎಷ್ಟು ಬೆಲೆ: ಬಳ್ಳಾರಿ ಕಲಿಸಿದ ಪಾಠ

ಗಡಿ ಗೆರೆ ಅಂದ್ರೆ ಬರೀ ಚಿತ್ರ ಅಲ್ಲ ಅನ್ನೋದಕ್ಕೆ ನಮ್ಮ ರಾಜ್ಯಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಬಗ್ಗೆ 2008ರ ಡಿಸೆಂಬರ್‌ನಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಇದರ ಜೊತೆಗೇ ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹಾಕಿದ್ದ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ನಡೀತಿತ್ತು. ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. ಒಂದು ಜಂಟಿ ತಂಡ ಮಾಡಿ, 166 ಗುತ್ತಿಗೆಗಳ ಗಡಿಯನ್ನ ನೆಲದ ಮೇಲೆ ಹೊಸದಾಗಿ ಅಳೆಸಿತು.

ಆ ಅಳತೆ ಮೇಲೆ ಕೇಂದ್ರ ಉನ್ನತಾಧಿಕಾರ ಸಮಿತಿ, ಅಂದ್ರೆ ಸಿಇಸಿ, ಗಣಿಗಳನ್ನ ಎ, ಬಿ, ಸಿ ಅಂತ ಮೂರು ಗುಂಪು ಮಾಡಿತು. ಎ ಗುಂಪಿನಲ್ಲಿ 45, ಬಿ ಗುಂಪಿನಲ್ಲಿ 72, ಸಿ ಗುಂಪಿನಲ್ಲಿ 49. ಗುಂಪು ಮಾಡಿದ ಮುಖ್ಯ ಅಳತೆಗೋಲು ನೋಡಿ. ಗುತ್ತಿಗೆ ಗಡಿಯ ಆಚೆ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇಕಡಾ 10ರ ಒಳಗಿದ್ದರೆ, ಆಚೆ ಸುರಿದ ಮಣ್ಣಿನ ರಾಶಿ ಶೇಕಡಾ 15ರ ಒಳಗಿದ್ದರೆ ಬಿ. ಅದು ದಾಟಿದರೆ, ಅಥವಾ ಅರಣ್ಯ ಸಂರಕ್ಷಣಾ ಕಾಯ್ದೆಯನ್ನ ರಾಜಾರೋಷವಾಗಿ ಮುರಿದಿದ್ದರೆ ಸಿ. ಬಿ ಗುಂಪಿನವರು ದಂಡ ಕಟ್ಟಿ, ಹಾಳಾದ ಜಾಗ ಸರಿಪಡಿಸೋ ಯೋಜನೆಗೆ ಒಪ್ಪಿದರೆ ಮತ್ತೆ ಶುರು ಮಾಡಬಹುದಿತ್ತು. ಸಿ ಗುಂಪಿನ ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಗುತ್ತಿಗೆ ಅಂದ್ಕೊಳ್ಳಿ. ವಿಸ್ತೀರ್ಣ 50 ಹೆಕ್ಟೇರ್. ಇದರ ಶೇಕಡಾ 10 ಅಂದ್ರೆ 5 ಹೆಕ್ಟೇರ್. ಗಡಿಯ ಉದ್ದನೆ ಬದಿ ಬರೀ 50 ಮೀಟರ್ ಪಕ್ಕಕ್ಕೆ ಸರಿದರೆ ಆ ಪಟ್ಟಿಯ ವಿಸ್ತೀರ್ಣ ಸರಿಯಾಗಿ 5 ಹೆಕ್ಟೇರ್. ನೂರು ಮೀಟರ್ ಸರಿದರೆ 10 ಹೆಕ್ಟೇರ್, ಅಂದ್ರೆ ಶೇಕಡಾ 20. ಗಡಿವರೆಗೂ ತೋಡಿರೋ ಒಂದು ಗಣಿ, ಗೆರೆ 100 ಮೀಟರ್ ತಪ್ಪಿದರೆ ಸಾಕು, ಕಾಗದದ ಮೇಲೆ ಎ ಗುಂಪಿನಿಂದ ಸಿ ಗುಂಪಿಗೆ ಜಿಗಿಯುತ್ತೆ. ಉಲ್ಟಾನೂ ಆಗಬಹುದು, ನಿಜವಾಗಿ ಗಡಿ ದಾಟಿದವರು ಸಾಚಾ ಆಗಿ ಕಾಣಬಹುದು.

ಈ ಬರಹದಿಂದ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಗಣಿ ಗಡಿ ವಿಷಯದಲ್ಲಿ ನಾವು ಹುಡುಕ್ತಿರೋ ಒತ್ತುವರಿ ಎಷ್ಟು ದೊಡ್ಡದೋ, ಮ್ಯಾಪ್‌ನಲ್ಲಿ ಗೆರೆ ಹಾಕುವಾಗ ಆಗೋ ತಪ್ಪೂ ಅಷ್ಟೇ ದೊಡ್ಡದಿರಬಹುದು. ಹಾಗಾಗಿ ಗೆರೆ ನೋಡೋ ಮೊದಲು ಅದು ಎಲ್ಲಿಂದ ಬಂತು ಅಂತ ನೋಡಬೇಕು.

ಗೆರೆ ಹುಟ್ಟೋದು ಎಲ್ಲಿ

ಗುತ್ತಿಗೆಯ ಗಡಿ ಮೂರು ಕಡೆ ಇರುತ್ತೆ. ಒಂದು, ಗುತ್ತಿಗೆ ಪತ್ರದ ಜೊತೆ ಇರೋ ನಕ್ಷೆಯಲ್ಲಿ. ಎರಡು, ನೆಲದ ಮೇಲೆ ನೆಟ್ಟ ಗಡಿಕಲ್ಲುಗಳಲ್ಲಿ. ಮೂರು, ಯಾರೋ ಕಂಪ್ಯೂಟರಿನಲ್ಲಿ ಎಳೆದ ಗೆರೆಯಲ್ಲಿ. ಮೂರೂ ಒಂದೇ ಆಗಿರಬೇಕು, ಆದರೆ ಎಷ್ಟೋ ಸಲ ಆಗಿರಲ್ಲ.

ಹಳೇ ಗುತ್ತಿಗೆ ನಕ್ಷೆಗಳಲ್ಲಿ ಅಕ್ಷಾಂಶ ರೇಖಾಂಶ ಇರೋದು ಅಪರೂಪ. ಒಂದು ಗುರುತಿನ ಜಾಗ ಹಿಡಿದು, ಅಲ್ಲಿಂದ ಇಂಥ ದಿಕ್ಕಿಗೆ ಇಷ್ಟು ದೂರ ಅಂತ ಬರೆದಿರ್ತಾರೆ. ಗುರುತು ಅಂದ್ರೆ ಗುಡ್ಡದ ನೆತ್ತಿ, ಹಳ್ಳಿ ಗಡಿಗಳು ಸೇರೋ ಕಲ್ಲು, ದೇವಸ್ಥಾನ. ಗುರುತೇ ಹೋದರೆ ಏನಾಗುತ್ತೆ? ಕರ್ನಾಟಕ ಮತ್ತು ಆಂಧ್ರ ಗಡಿಯ ಸುಗ್ಗಲಮ್ಮ ದೇವಸ್ಥಾನ ಅಂಥ ಒಂದು ಗುರುತು. 2006ರಲ್ಲಿ ಅದು ಸ್ಫೋಟದಲ್ಲಿ ನೆಲಸಮ ಆಯ್ತು. ಎರಡು ರಾಜ್ಯದ ಗಡಿ ಎಲ್ಲಿ ಅನ್ನೋ ಜಗಳ ಎಷ್ಟು ಬಿಗಡಾಯಿಸಿತು ಅಂದ್ರೆ, ಗಡಿಗೆ ಹೊಂದಿಕೊಂಡಿದ್ದ 7 ಗುತ್ತಿಗೆಗಳನ್ನ ಸುಪ್ರೀಂ ಕೋರ್ಟು 2013ರ ತೀರ್ಪಿನಲ್ಲೂ ಅಮಾನತಿನಲ್ಲೇ ಇಟ್ಟಿತು. ಸರ್ವೇಯರ್ ಜನರಲ್ ಕಡೆಯಿಂದ ಗಡಿ ಇತ್ಯರ್ಥ ಆಗೋವರೆಗೂ ಗಣಿ ಕೆಲಸ ಇಲ್ಲ ಅಂತ.

ಈಗಿನ ದಾಖಲೆಗಳು ಮೇಲು. ಮನೆಯಲ್ಲೇ ಕೂತು ನಾವು ಹುಡುಕಬಹುದಾದ ಜಾಗಗಳು ಇವು:

1. ಹರಾಜು ದಾಖಲೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಗಳ ಗುತ್ತಿಗೆ ಹರಾಜಿನಲ್ಲೇ ಕೊಡಬೇಕು. ಹರಾಜಿಗೆ ಇಟ್ಟ ಬ್ಲಾಕಿನ ಸಾರಾಂಶ ಪತ್ರದಲ್ಲಿ ಪ್ರತಿ ಮೂಲೆಯ ಅಕ್ಷಾಂಶ ರೇಖಾಂಶದ ಪಟ್ಟಿ ಇರುತ್ತೆ. ರದ್ದಾದ ಸಿ ಗುಂಪಿನ ಗಣಿಗಳೂ ಹೀಗೇ ಹರಾಜಿಗೆ ಬಂದವು.

2. ಪರಿಸರ ಪರಿಣಾಮ ವರದಿ. ಪರಿಸರ ಅನುಮತಿಗೆ ಹಾಕಿದ ಅರ್ಜಿಯ ಜೊತೆ ಗಡಿಕಲ್ಲುಗಳ ಪಟ್ಟಿ ಇರುತ್ತೆ. ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ಜಿಲ್ಲೆ, ಯೋಜನೆಯ ಹೆಸರು ಹಾಕಿ ಹುಡುಕಿ. ಅರಣ್ಯ ಭೂಮಿ ಕೇಳಿದ ಅರ್ಜಿಗೆ ಗಡಿಯ ಕೆಎಂಎಲ್ ಫೈಲನ್ನೂ ಕೊಡಬೇಕು. ಕೆಎಂಎಲ್ ಅಂದ್ರೆ ಗೂಗಲ್ ಅರ್ಥ್ ನೇರವಾಗಿ ಓದೋ ಫೈಲ್.

3. ಸರ್ವೆ ನಂಬರಿಗೆ ದಿಶಾಂಕ್ ಆಪ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಮಾಡಿದ್ದು. ಯಾವ ಜಾಗ ಯಾವ ಸರ್ವೆ ನಂಬರು ಅಂತ ತೋರಿಸುತ್ತೆ. ನಿಮ್ಮ ಪಹಣಿಗೂ ಗಣಿ ಗಡಿಗೂ ಸೇತುವೆ ಇದು.

4. ಭೂಕೋಶ್. ಇದು ನಮ್ಮ ಕೋಲ್ಕತ್ತಾದಲ್ಲೇ ಕೇಂದ್ರ ಕಚೇರಿ ಇರೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಪೋರ್ಟಲ್. ಇಲ್ಲಿ ಒಂದು ಎಚ್ಚರ. ಮುಖ್ಯವಾಗಿ ಇದು ತೋರಿಸೋದು ಬಂಡೆಯ ಜಾತಿ. ಸಂಡೂರು ಸುತ್ತ ಬಣ್ಣಬಣ್ಣದ ಪಟ್ಟಿ ಕಂಡ ತಕ್ಷಣ ಅದು ಗಣಿ ಗುತ್ತಿಗೆ ಅಂತ ತಿಳೀಬೇಡಿ. ಹೊಲದ ಕೆಳಗೆ ಕಬ್ಬಿಣದ ಬಂಡೆ ಇರೋದು ಬೇರೆ, ಆ ಹೊಲ ಗುತ್ತಿಗೆಗೆ ಹೋಗಿರೋದು ಬೇರೆ.

ಆಸ್ಟ್ರೇಲಿಯಾದಲ್ಲಿರೋರಿಗೆ ಇದು ಓದಿ ಆಶ್ಚರ್ಯ ಆಗಬಹುದು. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರದ ಟೆನ್‌ಗ್ರಾಫ್‌ನಲ್ಲಿ ಇಡೀ ರಾಜ್ಯದ ಗಣಿ ಹಕ್ಕುಗಳ ಗಡಿ ಒಂದೇ ಕಡೆ ಕಾಣುತ್ತೆ. ನಾವು ಇನ್ನೂ ಪಿಡಿಎಫ್ ತೆರೆದು ಒಂದೊಂದೇ ಮೂಲೆ ಟೈಪ್ ಮಾಡಬೇಕು. ಹೋಗಲಿ, ಟೈಪ್ ಮಾಡೋಣ.

ಗೆರೆ ಎಳೆಯೋದು, ಹಂತ ಹಂತವಾಗಿ

ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತ. ಅಭ್ಯಾಸ ಇದ್ದರೆ ಕ್ಯೂಜಿಐಎಸ್ ಬಳಸಿ, ಅದೂ ಉಚಿತ, ಅಳತೆಗೆ ಅದೇ ವಾಸಿ.

ಮೊದಲ ಹಂತ, ಅಂಕಿ ಬದಲಾಯಿಸೋದು. ದಾಖಲೆಯಲ್ಲಿ ಸಾಮಾನ್ಯವಾಗಿ ಡಿಗ್ರಿ, ನಿಮಿಷ, ಸೆಕೆಂಡ್ ಅಂತ ಇರುತ್ತೆ. ಉದಾಹರಣೆಗೆ 15 ಡಿಗ್ರಿ 3 ನಿಮಿಷ 30 ಸೆಕೆಂಡ್. ತುಂಬ ಜನ ಇದನ್ನ 15.0330 ಅಂತ ಬರೀತಾರೆ. ಅದು ತಪ್ಪು. ನಿಮಿಷವನ್ನ 60ರಿಂದ, ಸೆಕೆಂಡನ್ನ 3600ರಿಂದ ಭಾಗಿಸಿ ಕೂಡಬೇಕು. ಸರಿಯಾದ ಉತ್ತರ 15.05833. ಎರಡಕ್ಕೂ ವ್ಯತ್ಯಾಸ ನೆಲದ ಮೇಲೆ ಸುಮಾರು 2.8 ಕಿಲೋಮೀಟರ್! ಗಣಿ ಪಕ್ಕದೂರಿಗೆ ಹೋಗಿರುತ್ತೆ.

ಒಂದು ಸೆಕೆಂಡ್ ಅಕ್ಷಾಂಶ ಅಂದ್ರೆ ಸುಮಾರು 31 ಮೀಟರ್. ಹಾಗಾಗಿ ದಾಖಲೆಯಲ್ಲಿ ಸೆಕೆಂಡಿನ ಮುಂದೆ ದಶಾಂಶ ಇಲ್ಲದೇ ಇದ್ದರೆ, ಆ ಮೂಲೆ ಹತ್ತು ಹದಿನೈದು ಮೀಟರ್ ಅತ್ತಿತ್ತ ಇರಬಹುದು ಅಂತ ಅಲ್ಲೇ ಬರೆದಿಟ್ಟುಕೊಳ್ಳಿ.

ಎರಡನೇ ಹಂತ, ಕ್ರಮ. ಮನುಷ್ಯರು ಅಕ್ಷಾಂಶ ಮೊದಲು ಹೇಳ್ತಾರೆ. ಕೆಎಂಎಲ್ ಫೈಲ್‌ನಲ್ಲಿ ರೇಖಾಂಶ ಮೊದಲು. ಉಲ್ಟಾ ಆದರೆ ಸಂಡೂರಿನ ಗಣಿ ಆರ್ಕ್‌ಟಿಕ್ ಸಮುದ್ರಕ್ಕೆ ಹೋಗಿ ಬೀಳುತ್ತೆ. ಇದು ಒಳ್ಳೇ ತಪ್ಪು, ತಕ್ಷಣ ಗೊತ್ತಾಗುತ್ತೆ.

ಮೂರನೇ ಹಂತ, ವಿಸ್ತೀರ್ಣ ತಾಳೆ. ಮೂಲೆಗಳನ್ನ ಅದೇ ಕ್ರಮದಲ್ಲಿ ಜೋಡಿಸಿ ಪಾಲಿಗನ್ ಮಾಡಿ. ಬಂದ ವಿಸ್ತೀರ್ಣ ದಾಖಲೆಯಲ್ಲಿರೋ ಹೆಕ್ಟೇರಿಗೆ ಹೊಂದುತ್ತಾ? ಹೊಂದಿಲ್ಲ ಅಂದ್ರೆ ಯಾವುದೋ ಮೂಲೆ ತಪ್ಪಿದೆ. ಕ್ಯೂಜಿಐಎಸ್‌ನಲ್ಲಿ ಮೀಟರ್ ಲೆಕ್ಕಕ್ಕೆ ಬಳ್ಳಾರಿಗೆ ಯುಟಿಎಂ 43 ಉತ್ತರ ವಲಯ ಆರಿಸಿ. ನಾನಿರೋ ಕೋಲ್ಕತ್ತಾ 45ನೇ ವಲಯ. ನೀವು ಎಲ್ಲಿ ಕೂತಿದೀರಿ ಅನ್ನೋದು ಮುಖ್ಯ ಅಲ್ಲ, ಗಣಿ ಎಲ್ಲಿದೆ ಅನ್ನೋದು ಮುಖ್ಯ.

ವಿಸ್ತೀರ್ಣ ಸರಿ ಬಂತು ಅಂತ ಖುಷಿ ಪಡೋ ಮೊದಲು ಇನ್ನೊಂದು ಇದೆ. ವಿಸ್ತೀರ್ಣ ಸರಿ ಇದ್ದೂ ಇಡೀ ಗಡಿ ಹಾಗೇ ಪಕ್ಕಕ್ಕೆ ಸರಿದಿರಬಹುದು. ಇದು ಕೆಟ್ಟ ತಪ್ಪು, ಯಾಕಂದ್ರೆ ಕಣ್ಣಿಗೆ ಬೀಳಲ್ಲ.

ಡೇಟಮ್: ಕಣ್ಣಿಗೆ ಕಾಣದ ನೂರು ಮೀಟರ್

ಅಕ್ಷಾಂಶ ರೇಖಾಂಶ ಅಂದ್ರೆ ಎಲ್ಲ ಕಡೆ ಒಂದೇ ಅಂತ ನಾವು ಅಂದ್ಕೊಂಡಿರ್ತೀವಿ. ಹಾಗಲ್ಲ. ಭೂಮಿ ಪೂರ್ತಿ ದುಂಡಗಿಲ್ಲ, ಅದಕ್ಕೆ ಒಂದು ಅಂದಾಜು ಆಕಾರ ಹಿಡಿದು, ಒಂದು ಜಾಗದಿಂದ ಅಳತೆ ಶುರು ಮಾಡ್ತಾರೆ. ಈ ಹಿಡಿತಕ್ಕೆ ಡೇಟಮ್ ಅನ್ನೋದು. ಎರಡು ಮನೆಯ ಗಡಿಯಾರ ಬೇರೆ ಬೇರೆ ಸಮಯ ತೋರಿಸಿದ ಹಾಗೆ, ಡೇಟಮ್ ಬದಲಾದರೆ ಒಂದೇ ಕಲ್ಲಿಗೆ ಎರಡು ವಿಳಾಸ.

ಭಾರತದ ಹಳೇ ಟೋಪೋ ನಕ್ಷೆಗಳು ಎವರೆಸ್ಟ್ ಅನ್ನೋ ಆಕಾರದ ಮೇಲೆ ನಿಂತಿವೆ. ಆ ಹೆಸರು ಮಹಾ ತ್ರಿಕೋನಮಿತಿ ಸರ್ವೆಯ ಮುಖ್ಯಸ್ಥನಾಗಿದ್ದ ಜಾರ್ಜ್ ಎವರೆಸ್ಟ್‌ನದು, ಲೆಕ್ಕ 1830ರದು. ಈ ಸರ್ವೆಗೂ ನಾನಿರೋ ಊರಿಗೂ ನಂಟಿದೆ. ಇಲ್ಲಿ ಬಿ.ಟಿ. ರೋಡಿನ ಪಕ್ಕ ಎರಡು ಹಳೇ ಇಟ್ಟಿಗೆ ಗೋಪುರಗಳಿವೆ, ಮಧ್ಯೆ ಕೆಲವು ಮೈಲಿ ಅಂತರ. 1831-32ರಲ್ಲಿ ಕಲ್ಕತ್ತಾ ಆಧಾರ ರೇಖೆ ಅಳೆಯೋಕೆ ಕಟ್ಟಿದ್ದು. ಟಾಲಿಗಂಜ್‌ನಲ್ಲಿ ಮೆಟ್ರೋ ಹತ್ತಿ ಉತ್ತರದ ಕೊನೆ ಕಡೆ ಹೋದರೆ ಆ ರಸ್ತೆ ಸಿಗುತ್ತೆ. ಬೆಂಗಳೂರಲ್ಲೂ ಲ್ಯಾಂಬ್ಟನ್ 1800ರಲ್ಲಿ ಆಧಾರ ರೇಖೆ ಅಳೆದಿದ್ದ. ಇನ್ನೂರು ವರ್ಷದ ಹಿಂದೆ ಸರಪಳಿ, ಕಂಬಿ ಹಿಡಿದು ಮಾಡಿದ ಕೆಲಸಕ್ಕೆ ಕೈ ಮುಗೀಬೇಕು.

ಆದರೆ ಜಿಪಿಎಸ್ ಮತ್ತು ಗೂಗಲ್ ಅರ್ಥ್ ಬಳಸೋದು ಡಬ್ಲ್ಯುಜಿಎಸ್ 84 ಅನ್ನೋ ಬೇರೆ ಡೇಟಮ್. ಹಳೇ ಟೋಪೋ ನಕ್ಷೆಯಿಂದ ಎತ್ತಿದ ಅಂಕಿಯನ್ನ ಹಾಗೇ ಗೂಗಲ್ ಅರ್ಥ್‌ಗೆ ಹಾಕಿದರೆ ಬಳ್ಳಾರಿ ಭಾಗದಲ್ಲಿ ನೂರು ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಬೀಳುತ್ತೆ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ನೂರು ಮೀಟರ್, ಶೇಕಡಾ 20.

ಹಾಗಾಗಿ ಪಟ್ಟಿಯ ಮೇಲೋ ಕೆಳಗೋ ಡೇಟಮ್ ಹೆಸರು ಹುಡುಕಿ. ಡಬ್ಲ್ಯುಜಿಎಸ್ 84 ಅಂತ ಇದ್ದರೆ ನೇರವಾಗಿ ಹಾಕಿ. ಎವರೆಸ್ಟ್ ಅಂತ ಇದ್ದರೆ ಕ್ಯೂಜಿಐಎಸ್‌ನಲ್ಲಿ ಕಲ್ಯಾಣಪುರ್ 1975 ಆರಿಸಿ, ಡಬ್ಲ್ಯುಜಿಎಸ್ 84ಕ್ಕೆ ಪರಿವರ್ತನೆ ಮಾಡಿ. ಏನೂ ಬರೆದಿಲ್ಲ ಅಂದ್ರೆ ಆ ಗೆರೆ ಇಟ್ಕೊಂಡು ಯಾರ ಮೇಲೂ ಆರೋಪ ಮಾಡಬೇಡಿ.

ಇದು ಹಳೇ ದೇಶದ ಹಳೇ ಸಮಸ್ಯೆ ಅಂತಲೂ ಅಲ್ಲ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಉತ್ತರದ ಕಡೆ ಜರಗುತ್ತೆ. ಅದಕ್ಕೇ ಅವರು 1994ರ ಡೇಟಮ್ ಬಿಟ್ಟು 2020ರದ್ದಕ್ಕೆ ಬಂದಾಗ ನಕ್ಷೆಯ ಪ್ರತಿ ಬಿಂದುವೂ ಸುಮಾರು 1.8 ಮೀಟರ್ ಸರಿಯಿತು.

ಸ್ಯಾಟಲೈಟ್ ಚಿತ್ರ ಏನು ಹೇಳುತ್ತೆ, ಏನು ಹೇಳಲ್ಲ

ಗಡಿ ಸರಿಯಾಗಿ ಕೂತ ಮೇಲೆ ಕೆಳಗಿನ ಚಿತ್ರ ನೋಡಿ. ಗೂಗಲ್ ಅರ್ಥ್ ಪ್ರೊನಲ್ಲಿ ಗಡಿಯಾರದ ಗುರುತು ಒತ್ತಿದರೆ ಹಳೇ ವರ್ಷಗಳ ಚಿತ್ರ ಬರುತ್ತೆ. ಗುಂಡಿ ಯಾವ ವರ್ಷ ಗಡಿ ಹತ್ತಿರ ಬಂತು ಅಂತ ಗೊತ್ತಾಗುತ್ತೆ. ಇನ್ನೂ ತಾಜಾ ಬೇಕಂದ್ರೆ ಯುರೋಪಿನ ಸೆಂಟಿನೆಲ್-2 ಚಿತ್ರಗಳನ್ನ ಕೊಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತವಾಗಿ ನೋಡಬಹುದು. ಸುಮಾರು ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ ಸಿಗುತ್ತೆ, ಮಳೆಗಾಲದಲ್ಲಿ ಮಾತ್ರ ಮೋಡವೇ ಮೋಡ. ಆದರೆ ಒಂದು ಚುಕ್ಕೆ ಅಂದ್ರೆ 10 ಮೀಟರ್. ಅದರಲ್ಲಿ 5 ಮೀಟರ್ ಒತ್ತುವರಿ ಹುಡುಕೋಕೆ ಹೋಗಬೇಡಿ.

ಅಭ್ಯಾಸಕ್ಕೆ ಎರಡು ಜಾಗ ಹೇಳ್ತೀನಿ. ಸಂಡೂರಿನ ದೋಣಿಮಲೈ: ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಂಡಿ ಯಾವುದು, ಬೀಸಣಿಗೆ ಹಾಗೆ ಇಳಿಜಾರಿಗೆ ಹರಡಿದ ಮಣ್ಣಿನ ರಾಶಿ ಯಾವುದು ಅಂತ ಕಣ್ಣು ಪಳಗಿಸಿಕೊಳ್ಳಿ. ಈ ವ್ಯತ್ಯಾಸ ಮುಖ್ಯ, ಸಿಇಸಿ ಎರಡಕ್ಕೂ ಬೇರೆ ಬೇರೆ ಮಿತಿ ಹಾಕಿದ್ದು ನೋಡಿದ್ರಲ್ಲ. ಇನ್ನೊಂದು ಕುದುರೆಮುಖ: 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಗೂಗಲ್ ಟೈಮ್‌ಲ್ಯಾಪ್ಸ್‌ನಲ್ಲಿ ವರ್ಷ ಓಡಿಸಿ ನೋಡಿ.

ಸರ್ಕಾರವೂ ಇದೇ ಕೆಲಸ ಮಾಡುತ್ತೆ. 2016ರ ಅಕ್ಟೋಬರ್‌ನಲ್ಲಿ ಶುರುವಾದ ಗಣಿ ಕಣ್ಗಾವಲು ವ್ಯವಸ್ಥೆ, ಗುತ್ತಿಗೆ ಗಡಿಯ ಸುತ್ತ 500 ಮೀಟರ್ ಪಟ್ಟಿಯಲ್ಲಿ ಅನುಮಾನದ ಚಟುವಟಿಕೆ ಇದೆಯಾ ಅಂತ ಸ್ಯಾಟಲೈಟ್ ಚಿತ್ರದಲ್ಲಿ ಹುಡುಕುತ್ತೆ. ಕಂಡರೆ ಅದು ತೀರ್ಪಲ್ಲ, ಒಂದು ಸೂಚನೆ ಅಷ್ಟೆ. ಆಮೇಲೆ ಅಧಿಕಾರಿಗಳು ಜಾಗಕ್ಕೆ ಹೋಗಿ ನೋಡಬೇಕು. ನಮ್ಮ ಮನೆ ಪರೀಕ್ಷೆಗೂ ಇದೇ ನಿಯಮ ಇರಲಿ.

ಒಂದು ಹೊಲದ ಲೆಕ್ಕ

ಇದೆಲ್ಲ ಯಾಕೆ ಕೂತು ಕಲಿತೆ ಅಂದ್ರೆ, ಸಂಡೂರು ತಾಲ್ಲೂಕಿನಲ್ಲಿ ನಮ್ಮ ಮಾವನ ಒಣ ಹೊಲ ಇದೆ. ಒಂದು ರಾತ್ರಿ ಅವರ ಫೋನು.

"ಏನಪಾ, ಒಬ್ಬ ಬ್ರೋಕರು ಬಂದಿದ್ದ. ಮೊಬೈಲ್‌ನಾಗೆ ತೋರ್ಸಿದ, ನಮ್ಮ ಹೊಲ ಗೆರೆ ಒಳಗೆ ಐತಂತೆ. ಈಗ ಕೊಟ್ರೆ ರೊಕ್ಕ, ಆಮ್ಯಾಲೆ ಏನೂ ಸಿಗಲ್ಲ ಅಂತಾನೆ. ನಿಮ್ಮತ್ತೆಗೆ ನಿದ್ದಿ ಇಲ್ಲ."

"ಮಾವ, ಆ ಗೆರೆ ಎಲ್ಲಿಂದ ಬಂತು ಅಂತ ಕೇಳಿದ್ರಾ?"

"ಅದನ್ನ ಹೆಂಗ ಕೇಳ್ಬೇಕು ನಾನು?"

ಆ ಪ್ರಶ್ನೆ ಕೇಳೋಕೆ ಅವರಿಗೆ ಯಾರೂ ಕಲಿಸಿಲ್ಲ. ಬ್ರೋಕರ್ ಕಳಿಸಿದ ಸ್ಕ್ರೀನ್‌ಶಾಟ್ ತರಿಸಿಕೊಂಡೆ. ದಾಖಲೆ ಸಂಖ್ಯೆ ಇಲ್ಲ, ಡೇಟಮ್ ಇಲ್ಲ, ಬೆರಳಲ್ಲಿ ಎಳೆದ ಹಾಗೆ ಡೊಂಕು ಗೆರೆ. ಆ ಬ್ಲಾಕಿನ ಹರಾಜು ಪತ್ರ ಹುಡುಕಿ, ಮೂಲೆಗಳ ಪಟ್ಟಿ ಟೈಪ್ ಮಾಡಿದೆ. ಡಬ್ಲ್ಯುಜಿಎಸ್ 84 ಅಂತ ಬರೆದಿತ್ತು, ವಿಸ್ತೀರ್ಣ ತಾಳೆ ಆಯ್ತು. ದಿಶಾಂಕ್‌ನಲ್ಲಿ ಮಾವನ ಸರ್ವೆ ನಂಬರ್ ತೆಗೆದು, ಹೊಲದ ನಾಲ್ಕು ಮೂಲೆಗೆ ಅವರೇ ಹೋಗಿ ನಿಂತು ಫೋನಿನ ಲೊಕೇಶನ್ ಕಳಿಸಿದರು. ಹೊಲಕ್ಕೂ ಹತ್ತಿರದ ಗಡಿಗೂ ಮಧ್ಯೆ ಸುಮಾರು 300 ಮೀಟರ್ ಬಂತು.

ಇಲ್ಲಿ ನೋಡಿ, ತೀರ್ಮಾನ ಹೇಗೆ ಮಾಡೋದು ಅಂತ. ದಿಶಾಂಕ್‌ನ ಹಳ್ಳಿ ನಕ್ಷೆ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಇರಬಹುದು, ಫೋನಿನ ಜಿಪಿಎಸ್ ಐದು ಹತ್ತು ಮೀಟರ್, ಸ್ಯಾಟಲೈಟ್ ಚಿತ್ರ ಕೂತಿರೋದರಲ್ಲಿ ಇನ್ನೊಂದಿಷ್ಟು. ಎಲ್ಲ ಒಂದೇ ದಿಕ್ಕಿಗೆ ತಪ್ಪಿದರೂ 300 ಮೀಟರ್ ಮುಚ್ಚಲ್ಲ. ಹಾಗಾಗಿ "ಹೊಲ ಹೊರಗಿದೆ, ಹೆದರಬೇಡಿ" ಅಂತ ಧೈರ್ಯವಾಗಿ ಹೇಳಬಹುದಿತ್ತು. ಅಂತರ ಬರೀ 30 ಮೀಟರ್ ಬಂದಿದ್ರೆ? "ಗೊತ್ತಾಗಲ್ಲ, ಅಳೆಸಿ" ಅಂತಷ್ಟೇ ಹೇಳಬೇಕು. ಅದೂ ಒಂದು ಉತ್ತರವೇ.

ಇನ್ನೂ ಒಂದು ಮಾತು ಮಾವನಿಗೆ ಹೇಳಿದೆ. ಹೊಲ ಗಡಿ ಒಳಗೇ ಬಿದ್ದಿದ್ರೂ "ಆಮೇಲೆ ಏನೂ ಸಿಗಲ್ಲ" ಅನ್ನೋದು ಸುಳ್ಳು. ನೆಲದ ಕೆಳಗಿನ ಖನಿಜ ತೆಗೆಯೋ ಹಕ್ಕು ಬೇರೆ, ನೆಲದ ಮೇಲಿನ ಹಕ್ಕು ಬೇರೆ. ಗುತ್ತಿಗೆ ಆದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗಲ್ಲ. ಗುತ್ತಿಗೆದಾರ ಆ ಜಮೀನು ಬಳಸಿದರೆ ಅದರ ಹಿಡುವಳಿದಾರರಿಗೆ ಪರಿಹಾರ ಕೊಡಬೇಕು ಅಂತ ಗಣಿ ಕಾಯ್ದೆಯ 24ಎ ಕಲಮಿನಲ್ಲೇ ಇದೆ.

ಮಾವ ಮಾರಲಿಲ್ಲ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟಿದಾರೆ, ಸರ್ವೇಯರ್ ಬರೋ ದಿನಕ್ಕೆ ಕಾಯ್ತಿದಾರೆ. ಹದ್ದುಬಸ್ತು ಅಂದ್ರೆ ಸರ್ಕಾರಿ ಸರ್ವೇಯರ್ ಬಂದು ನಿಮ್ಮ ಜಮೀನಿನ ಗಡಿ ಗುರುತಿಸಿ ಕೊಡೋದು. ಗೂಗಲ್ ಅರ್ಥ್, ದಿಶಾಂಕ್, ನನ್ನ ಲ್ಯಾಪ್‌ಟಾಪು ಎಲ್ಲ ಸೇರಿದರೂ ಕಾನೂನಿನ ಮುಂದೆ ಆ ಒಂದು ಕಾಗದಕ್ಕೆ ಸಮ ಅಲ್ಲ.

ಗ್ರೂಪಿಗೆ ಫಾರ್ವರ್ಡ್ ಮಾಡೋ ಮೊದಲು ಐದು ಪ್ರಶ್ನೆ

ಈ ಗೆರೆ ಯಾವ ದಾಖಲೆಯಿಂದ ಬಂತು, ಅದರ ಸಂಖ್ಯೆ, ದಿನಾಂಕ ಏನು?
ಡೇಟಮ್ ಯಾವುದು?
ಪಾಲಿಗನ್ ವಿಸ್ತೀರ್ಣ ದಾಖಲೆಗೆ ಹೊಂದುತ್ತಾ?
ಕೆಳಗಿನ ಸ್ಯಾಟಲೈಟ್ ಚಿತ್ರ ಯಾವ ತಿಂಗಳದ್ದು?
ಕಾಣ್ತಿರೋ ಅಂತರ, ಎಲ್ಲ ತಪ್ಪುಗಳನ್ನ ಕೂಡಿದ್ದಕ್ಕಿಂತ ದೊಡ್ಡದಾ?

ಐದಕ್ಕೂ ಉತ್ತರ ಇದ್ದರೆ ನಿಮ್ಮ ಕೈಯಲ್ಲಿ ಗಟ್ಟಿ ಪ್ರಶ್ನೆ ಇದೆ. ಅದನ್ನ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬರವಣಿಗೆಯಲ್ಲಿ ಕೇಳಿ, ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಗುತ್ತಿಗೆ ನಕ್ಷೆಯ ಪ್ರತಿ ಕೇಳಿ. 2021ರಿಂದ, ವರ್ಷಕ್ಕೆ ಹತ್ತು ಲಕ್ಷ ಟನ್ ಅಥವಾ ಹೆಚ್ಚು ತೆಗೆಯೋ ಯೋಜನೆ ಇರೋ, ಇಲ್ಲವೇ 50 ಹೆಕ್ಟೇರ್ ಅಥವಾ ಹೆಚ್ಚು ವಿಸ್ತೀರ್ಣದ ಗುತ್ತಿಗೆದಾರರು ಪ್ರತಿ ವರ್ಷ ಡ್ರೋನ್ ಸರ್ವೆ ಚಿತ್ರ ಕೊಡಬೇಕು, ಅದೂ ಗಡಿಯ ಆಚೆ 100 ಮೀಟರ್‌ವರೆಗೆ. ಅಂದ್ರೆ ಉತ್ತರ ಕೊಡೋಕೆ ಬೇಕಾದ ಚಿತ್ರ ಸರ್ಕಾರದ ಹತ್ತಿರ ಇರುತ್ತೆ, ಕೇಳೋರು ಬೇಕು.

ಮುಂದಿನ ಕಂತಿನಲ್ಲಿ ಕ್ಯೂಜಿಐಎಸ್ ಹಾಕಿಕೊಳ್ಳೋದರಿಂದ ಹಿಡಿದು, ಮೂಲೆ ಪಟ್ಟಿಯಿಂದ ಪಾಲಿಗನ್ ಮಾಡೋವರೆಗೂ ಸ್ಕ್ರೀನ್ ಮೇಲೆ ಮಾಡಿ ತೋರಿಸ್ತೀನಿ. ಊರಿಗೆ ಫೋನ್ ಮಾಡಿದಾಗ ಪಹಣಿಯ ಸರ್ವೆ ನಂಬರ್ ಬರೆದಿಟ್ಟುಕೊಂಡು ಬನ್ನಿ. ಸಿಗೋಣ, ನಮಸ್ಕಾರ.